ಬಾಳೆಕಂದು ಕಟ್ಟಿದ ಕಾರಿನ ಕೂಗು

ನಾನು ಕೋಲು ಹಿಡಿದು ಓಡುವಷ್ಟರಲ್ಲಿ ಕಾರು ಮತ್ತೆ ಕಿರುಚಿಕೊಳ್ಳುತ್ತಿತ್ತು. ಹಸು ಮಾತ್ರ ಕದಲಲಿಲ್ಲ. ಬಂಪರಿನ ಎರಡು ಕಡೆ ಕಟ್ಟಿದ್ದ ಬಾಳೆಕಂದನ್ನು ಎಳೆದೆಳೆದು ತಿನ್ನುತ್ತಿತ್ತು. ಅದು ಎಳೆದರೆ ಕಾರು ಅಲ್ಲಾಡುತ್ತೆ, ಕಾರು ಅಲ್ಲಾಡಿದರೆ ಸೈರನ್ ಕೂಗುತ್ತೆ. ಬೆಳಗಿನಿಂದ ಇದೇ ಗೋಳು.

ಎಂಬತ್ತರ ದಶಕದ ಕೊನೆ. ಕುಮಾರಸ್ವಾಮಿ ಲೇಔಟ್‌ನಲ್ಲಿ ಓನರ್ ಮನೆಯ ಹಿಂದಿನ ಶೀಟ್ ಮನೆಯಲ್ಲಿ ಬಾಡಿಗೆಗಿದ್ದೆವು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಜ್ವರ ಬಿಟ್ಟಿರಲಿಲ್ಲ. ನಿದ್ದೆ ಮಾಡದಿದ್ದರೆ ಮತ್ತೆ ಆಸ್ಪತ್ರೆಗೇ ಸೇರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅವಳು ಕಣ್ಣು ಮುಚ್ಚಿದಾಗೆಲ್ಲ ಕಾರು ಕೂಗುತ್ತಿತ್ತು, ಮಗು ಚೀರುತ್ತಿತ್ತು.

ತನ್ನ ಹೊಲವೆಲ್ಲ ಸೈಟಾದ ಮೇಲೆ ಓನರ್ ಫಿಯೆಟ್ ಕೊಂಡಿದ್ದ. ಸೈರನ್ ಅವನ ಭಾಮೈದ ದುಬೈಯಿಂದ ತಂದದ್ದು. ನಮ್ಮ ರಸ್ತೆಗೆಲ್ಲ ಅದೊಂದೇ.

ಓನರ್ ಟವೆಲ್ ಸುತ್ತಿಕೊಂಡೇ ಬಂದು ಸದ್ದು ನಿಲ್ಲಿಸಿದ.

"ಅಣ್ಣ, ಆ ಕಂದು ಬಿಚ್ಚಿಬಿಡಿ."

"ಲೋ, ನಿನ್ನೆ ಆಯುಧಪೂಜೆ ಮಾಡಿ ಕಟ್ಟಿರೋದು. ಹಬ್ಬ ಮುಗಿಯೋಕ್ ಮುಂಚೆ ಬಿಚ್ತಾರೇನೋ?"

"ಹಂಗಾದ್ರೆ ಸೈರನ್ನಾದ್ರೂ ಆಫ್ ಮಾಡಿ. ಅಕ್ಕ ಕಣ್ಣೇ ಮುಚ್ಚಿಲ್ಲ."

"ಕಳ್ಳ ಬಂದ್ರೆ? ನೀನು ಕಾಯ್ತೀಯಾ?"

"ಕಾಯ್ತೀನಿ."

ಅವನು ನಕ್ಕ. "ಸೈರನ್‌ಗಿಂತ ನೀನೇ ವಾಸಿ, ಬ್ಯಾಟರಿನೂ ಬೇಡ. ಕೂತ್ಕೋ. ಒಂದು ಗೀರು ಬಿದ್ರೂ ನಿನ್ನೇ ಕೇಳೋದು."

ಸೈರನ್ ಆಫ್ ಮಾಡಿ, ಹಬ್ಬದೂಟ ಮಾಡಿ ಮಲಗಿದ. ನಾನು ಗೇಟಿನ ಹತ್ತಿರ ಕೂತೆ. ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯಲ್ಲಿ ಇಣುಕಿದೆ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ವಾಪಸ್ ಬಂದೆ. ಮತ್ತೆ ಹೋಗಿ ಇಣುಕಿದೆ.

ತಿರುಗಿ ನೋಡಿದರೆ ಹಸು ಬಂದಿತ್ತು. ಅದನ್ನು ಓಡಿಸಲು ಕೂಗಬೇಕು. ಕೂಗಿದರೆ ಅಕ್ಕ ಏಳುತ್ತಾಳೆ. ಹೊಡೆದರೆ ಅದೇ ಕೂಗುತ್ತೆ. ಕೋಲು ಕೆಳಗಿಟ್ಟೆ. ಕೊಂಬು ತಾಗಿ ಬಂಪರಿಗೆ ಗೀರು ಬೀಳಬಾರದೆಂದು ನಾನೇ ಗಂಟು ಬಿಚ್ಚಿ, ಎರಡೂ ಕಂದನ್ನು ರಸ್ತೆಯಾಚೆ ಹಾಕಿದೆ. ಅದು ನಿಧಾನವಾಗಿ ತಿಂದು ಮುಗಿಸಿತು.

ಓನರ್ ಎದ್ದು ಬಂದ. "ಕಂದೆಲ್ಲೋ?"

"ಹಸು ತಿಂತು."

"ನೀನೇನ್ ಮಾಡ್ತಿದ್ದೆ?"

"ಕಳ್ಳನ್ನ ಕಾಯ್ತಿದ್ದೆ. ಕಾರು ಇದೆಯಲ್ಲಣ್ಣ. ಮೆತ್ತಗೆ ಮಾತಾಡಿ."

ಬೈಯಲು ಬಾಯಿ ತೆರೆದವನು ನಮ್ಮ ಬಾಗಿಲ ಕಡೆ ನೋಡಿದ. ಒಳಗಿನಿಂದ ಮಗುವಿನ ಸದ್ದೂ ಇರಲಿಲ್ಲ. "ಥೂ ನಿನ್ನ," ಎಂದು ಪಿಸುಗುಟ್ಟಿ, ಬಂಪರ್ ಸವರಿ ನೋಡಿ ಒಳಗೆ ಹೋದ. ಸೈರನ್ ಆನ್ ಮಾಡಲಿಲ್ಲ.

ಅಕ್ಕ ದೀಪ ಹಚ್ಚುವ ಹೊತ್ತಿನವರೆಗೂ ಮಲಗಿದಳು. ಅಷ್ಟೇ. ಇನ್ನು ನನ್ನ ಹತ್ತಿರ ಹೇಳೋದೇನೂ ಇಲ್ಲ.