ಕಾಲುಸಂಕ ಮುಗಿಯುವವರೆಗೆ ಧಾರಾವಾಹಿ

ಪುಟ್ಟಸ್ವಾಮಿಯವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ಬರೆಯುತ್ತಿತ್ತು. ಇನ್ನೊಂದರ ರೀಫಿಲ್ ಎಂದೋ ಮುಗಿದಿತ್ತು. ‘ಒಂದೇ ಪೆನ್ನಿದ್ರೆ ಬಸ್ ಕಂಡಕ್ಟ್ರು ಅಂದ್ಕಂಬುಡ್ತಾರೆ ಕಣೋ’ ಎನ್ನುತ್ತಿದ್ದರು.

ಹೆಗ್ಗದ್ದೆಯಿಂದಾಚೆಯ ನಮ್ಮೂರಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದವರು ಅವರೊಬ್ಬರೇ. ಯಾರದೋ ನಿಧನ, ಆನೆ ನುಗ್ಗಿದ ತೋಟ, ಸಂಘದ ಸಭೆ, ಎಲ್ಲವೂ ಅಚ್ಚಾಗುತ್ತಿದ್ದವು. ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋದದ್ದನ್ನೂ ಪ್ರತಿ ಮಳೆಗಾಲ ಬರೆಯುತ್ತಿದ್ದರು. ಅವರ ಮನೆಯೂ ಸೇರಿದಂತೆ ಹಳ್ಳದಾಚೆಯವರೆಲ್ಲ ಶಾಲೆಗಾಗಲಿ ಆಸ್ಪತ್ರೆಗಾಗಲಿ ನೀರಿಗಿಳಿದೇ ಬರಬೇಕಿತ್ತು. ಸಂಕ ಕಟ್ಟಿಸಬೇಕಿದ್ದ ಇಂಜಿನಿಯರ್ ಸಾಹೇಬರು ಆ ಸುದ್ದಿಯಿದ್ದ ಹಾಳೆಯ ಮೇಲೆಯೇ ಬೋಂಡಾ ಇಟ್ಟುಕೊಂಡು ತಿನ್ನುತ್ತಿದ್ದರು.

ಆಗ ಟಿ.ವಿ.ಯಲ್ಲಿ ಪತ್ರಕರ್ತನೊಬ್ಬನ ಧಾರಾವಾಹಿ ಶುರುವಾಯಿತು. ನಾಯಕನ ಪೆನ್ನಿನಲ್ಲೇ ಕ್ಯಾಮೆರಾ. ಮೊದಲ ವಾರವೇ ಸೇತುವೆಯ ದುಡ್ಡು ನುಂಗಿದ ಇಂಜಿನಿಯರನ್ನು ಜೈಲಿಗೆ ಕಳಿಸಿದ. ನಮ್ಮ ಸಾಹೇಬರ ಮನೆಯಲ್ಲೂ ಅದನ್ನು ನೋಡುತ್ತಿದ್ದರೆಂದು ಕಾಣುತ್ತದೆ. ಬಾಳ್ಳುಪೇಟೆಯ ಹೋಟೆಲಿನಲ್ಲಿ ಎದುರಾದಾಗ ಅವರು ಪುಟ್ಟಸ್ವಾಮಿಯವರ ಮುಖ ನೋಡಲಿಲ್ಲ. ಆ ಬರೆಯದ ಪೆನ್ನಿನ ಕಡೆಗೇ ಬಾಗಿ, ‘ನಾನು ಒಂದು ಪೈಸೆ ಮುಟ್ಟಿದವನಲ್ಲ’ ಎಂದು ಬಿಡಿಬಿಡಿಯಾಗಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಪುಟ್ಟಸ್ವಾಮಿಯವರು ಪೆನ್ನನ್ನು ಕೊಂಚ ಮೇಲಕ್ಕೆಳೆದು ಕಾಫಿ ಕುಡಿದರು. ಆ ವಾರವೇ ಹಳ್ಳದಲ್ಲಿ ಕಂಬಗಳೆದ್ದವು.

ಮೇಲೆ ಹಲಗೆ ಬೀಳುವ ಮೊದಲೇ ಧಾರಾವಾಹಿ ನಿಂತಿತು. ನೋಡುವವರಿಲ್ಲವಂತೆ. ಅದರ ಹಿಂದೆಯೇ ಕೆಲಸದವರೂ ಗಂಟುಮೂಟೆ ಕಟ್ಟಿದರು.

ಸರ್ಕಾರಕ್ಕೆ ಬರೆದು ಬರೆದು ಕೈಸೋತಿದ್ದ ಪುಟ್ಟಸ್ವಾಮಿಯವರು ಈ ಸಲ ಚಾನೆಲ್ಲಿಗೇ ಮನವಿ ಬರೆದರು. ಕಾಲುಸಂಕ ಮುಗಿಯುವವರೆಗಾದರೂ ಧಾರಾವಾಹಿಯನ್ನು ಮುಂದುವರಿಸಿಕೊಡಬೇಕಾಗಿ ಗ್ರಾಮಸ್ಥರ ಕೋರಿಕೆ. ಊರೆಲ್ಲ ಸಹಿ ಹಾಕಿತು, ಟಿ.ವಿ. ಇಲ್ಲದವರೂ ಹಾಕಿದರು. ನನಗೂ ಅದು ಹುಚ್ಚಾಟ ಅನ್ನಿಸಲಿಲ್ಲ. ಚಾನೆಲ್ಲಿನಿಂದ ಒಬ್ಬ ಹುಡುಗಿ ಫೋನ್ ಮಾಡಿ, ‘ನಿಮ್ಮ ಪ್ರೀತಿಗೆ ಧನ್ಯವಾದ ಸರ್, ನಮ್ಮ ಹೊಸ ಧಾರಾವಾಹಿಯನ್ನೂ ಹೀಗೇ ಹರಸಿ’ ಎಂದಳು.

‘ಕಂಬ ನಿಲ್ಲಿಸಿ ಬುಟ್ಟೋಗವ್ರೆ ಕಣಮ್ಮ, ಇನ್ನೊಂದ್ ವಾರ ಎಳೀರಿ ಸಾಕು’ ಎಂದು ಇವರು ಹೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಮುಂದಿನ ಮಳೆಗಾಲ ಅವರು ಹಾಸನದ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಕೇಳಿದ್ದು ಒಂದೇ ಮಾತು.

‘ಈಗ ಆ ಹೊತ್ನಾಗೆ ಏನ್ ಬರ್ತೈತೆ ಮಾರಾಯ?’

‘ಅತ್ತೆ ಸೊಸೆ ಜಗಳ, ಪುಟ್ಟಸ್ವಾಮಣ್ಣ.’

‘ಮಾವ ಏನಾರ ಇಂಜಿನಿಯರ್ರಾ, ಒಸಿ ನೋಡು.’

ನಗಲು ಹೋಗಿ ಕೆಮ್ಮಿದರು. ನಾನೂ ನಕ್ಕೆ, ಹೊರಗೆ ಬಂದು ಅತ್ತುಬಿಟ್ಟೆ.

ಅವರ ದೇಹ ತಂದ ಆಂಬುಲೆನ್ಸು ಹಳ್ಳದ ಈಚೆಗೇ ನಿಂತಿತು. ಬರಿಯ ಕಂಬಗಳ ಪಕ್ಕದಲ್ಲಿ ಸೊಂಟಮಟ್ಟದ ನೀರಿಗಿಳಿದು, ಅವರನ್ನು ಹೆಗಲ ಮೇಲೆತ್ತಿ ಮನೆಗೆ ದಾಟಿಸಿದೆವು. ಯಾವ ಪತ್ರಿಕೆಯಲ್ಲೂ ಅದು ಬರಲಿಲ್ಲ. ನಮ್ಮೂರಿನಿಂದ ಸುದ್ದಿ ಕಳಿಸುತ್ತಿದ್ದವರು ಅವರೊಬ್ಬರೇ.