ಕಪ್ಪು ಹದಿನಾಲ್ಕರ ಬಾಗಿಲಲ್ಲಿ ಇನೆಸ್

ಬೆಳಗಿನ ಆರೂವರೆ. ಜಿನೋವಾದ ಹಳೆಯ ಬಂದರಿನ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕಿಲ್ಲ. ಏಳು ಅಂತಸ್ತಿನ ಮನೆಗಳ ನಡುವೆ ಗೇಣಗಲದ ಆಕಾಶ ಬೂದಿ ಬಣ್ಣಕ್ಕೆ ತಿರುಗಿದೆ, ಅಷ್ಟೆ. ಇನೆಸ್ ಓಲ್ಚೇಸೆ ಮಂಡಿಯೂರಿ ಕಲ್ಲಿನ ಹೊಸ್ತಿಲು ಉಜ್ಜುತ್ತಿದ್ದಾರೆ. ಹಿಂದಿನಿಂದ ಪೆಟ್ಟಿಗೆಯ ಗಾಲಿ ಕಲ್ಲಿನ ಮೇಲೆ ಗಡಗಡ ಎನ್ನುತ್ತದೆ. ಅವರು ತಿರುಗಿ ನೋಡುವುದಿಲ್ಲ. ಅವರ ಒಂದು ದಿನವನ್ನು ಬರೆಯಲು ಬಂದು ಪಕ್ಕದಲ್ಲಿ ನಿಂತಿರುವ ನನಗೆ ಹೇಳುತ್ತಾರೆ:

"ಒಂದೇ ಪೆಟ್ಟಿಗೆ, ಒಬ್ಬಳೇ ಹೆಂಗಸು. ನಿಂತು ನಿಂತು ಬರ್ತಿದಾಳೆ ಅಂದ್ರೆ ಬಾಗಿಲ ನಂಬರ್ ಓದ್ತಿದಾಳೆ."

ಅವರ ಮಾತು ನಿಜ. ಬಂದಾಕೆಯ ಹೆಸರು ರೂತಾ. ವಯಸ್ಸು ಐವತ್ತೆರಡು, ಲಿಥುವೇನಿಯಾದ ಕೌನಸ್ ಊರಿನವರು. ಜೀವಮಾನದಲ್ಲಿ ಮೊದಲ ಸಲ ಒಬ್ಬರೇ ಊರು ನೋಡಲು ಹೊರಟಿದ್ದಾರೆ, ಅದಕ್ಕೆಂದೇ ಸಂಜೆ ಶಾಲೆಯಲ್ಲಿ ಒಂದಿಷ್ಟು ಇಟಾಲಿಯನ್ ಕಲಿತಿದ್ದಾರೆ.

"ಹದಿನಾಲ್ಕು?" ಎಂದು ಆಕೆ ಬಾಗಿಲು ತೋರಿಸುತ್ತಾರೆ.

"ಹದಿನಾಲ್ಕೇ. ಆದ್ರೆ ನಿಮಗೆ ಬೇಕಾದ ಹದಿನಾಲ್ಕು ಇದಲ್ಲಮ್ಮ."

ಈ ಊರಿನಲ್ಲಿ ಮನೆಗಳಿಗೆ ಕಪ್ಪು ಅಂಕಿ, ಅಂಗಡಿಗಳಿಗೆ ಕೆಂಪು ಅಂಕಿ. ಒಂದೇ ಬೀದಿಯಲ್ಲಿ ಎರಡೂ ತಮ್ಮ ತಮ್ಮ ಪಾಡಿಗೆ ಒಂದರಿಂದ ಶುರುವಾಗುತ್ತವೆ. ಕಪ್ಪು ಹದಿನಾಲ್ಕು ಈ ಮನೆ. ಕೆಂಪು ಹದಿನಾಲ್ಕು ಎರಡು ತಿರುವು ದಾಟಿ ಸಿಗುವ ಸಣ್ಣ ವಸತಿಗೃಹ. ಪ್ರವಾಸಿಗಳು ಪೆಟ್ಟಿಗೆ ಇಟ್ಟು ಊರು ಸುತ್ತಲು ಹೋಗುವುದು ಅಲ್ಲಿಂದ. ಅದು ತೆರೆಯುವುದು ಹತ್ತಕ್ಕೆ. ರೂತಾಗೆ ಇರುವುದು ಅರ್ಧ ದಿನ. ಮಧ್ಯಾಹ್ನ ಒಂದು ಇಪ್ಪತ್ತರ ರೈಲು ಹಿಡಿದರಷ್ಟೇ ಸಂಜೆಯ ವಿಮಾನ.

"ಇಲ್ಲೇ ಇಡಿ," ಎಂದು ಇನೆಸ್ ಪೆಟ್ಟಿಗೆಯನ್ನು ತಮ್ಮ ಕೋಣೆಗೆ ಎಳೆದುಕೊಳ್ಳುತ್ತಾರೆ. ಪಾಸ್‌ಪೋರ್ಟು, ಟಿಕೆಟ್ಟು ಅದರೊಳಗಿವೆ. ಪ್ರಾಣ ಹೋದ ಫೋನನ್ನೂ ಅಲ್ಲೇ ಚಾರ್ಜಿಗೆ ಹಾಕುತ್ತಾರೆ. "ಹನ್ನೊಂದಕ್ಕೆ ಬನ್ನಿ. ದಾರಿ ತಪ್ಪಿದ್ರೆ ಸಮುದ್ರನ ಬೆನ್ನಿಗಿಟ್ಕೊಂಡು ಹತ್ತಿ. ಬಾಗಿಲು ತಾನಾಗೇ ಸಿಗುತ್ತೆ."

ರೂತಾ ತಲೆಯಾಡಿಸಿ ಹೋಗುತ್ತಾರೆ. ಆ ತಲೆಯಾಡಿಸಿದ ರೀತಿ ನನಗೆ ಸರಿಕಾಣುವುದಿಲ್ಲ. ಮಾತು ಅರ್ಧವೇ ಅರ್ಥವಾದಂತಿದೆ.

ಇನೆಸ್‌ಗೆ ಅರವತ್ಮೂರು. ಹುಟ್ಟಿದ್ದು ಈ ಬಾಗಿಲ ಪಕ್ಕದ ಕೋಣೆಯಲ್ಲೇ. ಅವರ ತಾಯಿಯೂ ಇಲ್ಲೇ ಬಾಗಿಲು ಕಾಯುತ್ತಿದ್ದವರು. ಗಂಡ ಬಂದರಿನಲ್ಲಿ ಹೊರೆ ಇಳಿಸುತ್ತಿದ್ದವರು, ತೀರಿಕೊಂಡು ಹನ್ನೊಂದು ವರ್ಷ. ಹತ್ತೊಂಬತ್ತು ಮನೆಗಳ ಕಾಗದ, ಬೀಗದ ಕೈ, ದೂರು ಎಲ್ಲ ಇವರ ಪಾಲಿಗೆ. ದಿನವೂ ತೊಳೆಯುವ ಮೆಟ್ಟಿಲು ನೂರ ಮೂವತ್ತೆರಡು ಎನ್ನುತ್ತಾರೆ. ನಾನು ಎರಡು ಸಲ ಎಣಿಸಿದೆ. ಒಮ್ಮೆ ನೂರ ಮೂವತ್ತು ಬಂತು, ಒಮ್ಮೆ ನೂರ ಮೂವತ್ತೈದು. ಚಳಿಗಾಲದಲ್ಲಿ ಗೋಡೆ ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಮಂಡಿ ಎರಡೂ ಹೋಗಿವೆ.

"ದಾರಿ ತಪ್ಪಿದೋರು ದಿನಕ್ಕೆ ಎಂಟೋ ಒಂಬತ್ತೋ," ಎನ್ನುತ್ತಾರೆ, ಎಣ್ಣೆ ಸವರಿದ ಫೊಕಾಚಿಯಾ ರೊಟ್ಟಿಯನ್ನು ಹಾಲುಕಾಫಿಯಲ್ಲಿ ಅದ್ದುತ್ತಾ. "ಇಬ್ಬರಿದ್ರೆ ಜಗಳ ಆಡ್ಕೊಂಡು ಬರ್ತಾರೆ. ಒಬ್ಬರೇ ಇದ್ರೆ ಕ್ಷಮೆ ಕೇಳ್ಕೊಂಡು ಬರ್ತಾರೆ. ಬಾಗಿಲು ತಪ್ಪಾಗಿ ತಟ್ಟಿದ್ದು ಏನೋ ಪಾಪ ಅನ್ನೋ ಹಾಗೆ."

ಹನ್ನೊಂದು ಆಗುತ್ತದೆ. ರೂತಾ ಇಲ್ಲ. ಹನ್ನೊಂದೂವರೆಗೂ ಇಲ್ಲ. ಇನೆಸ್ ಒರೆಸಿದ ಹಿತ್ತಾಳೆ ಹಿಡಿಯನ್ನೇ ಮತ್ತೆ ಒರೆಸುತ್ತಿದ್ದಾರೆ. ನಾನು ಕೆಂಪು ಹದಿನಾಲ್ಕರತ್ತ ಓಡುತ್ತೇನೆ. ಹನ್ನೆರಡು ವರ್ಷ ಇಲ್ಲಿದ್ದೂ ಒಂದು ತಿರುವು ತಪ್ಪುತ್ತೇನೆ. ವಸತಿಗೃಹದವರು ಅಂಥವರು ಯಾರೂ ಬಂದಿಲ್ಲ ಎನ್ನುತ್ತಾರೆ.

"ನಾನು ಅವಳಿಗೆ ಏನಂದೆ?" ಇನೆಸ್ ಕೇಳುತ್ತಾರೆ.

"ಸಮುದ್ರನ ಬೆನ್ನಿಗಿಟ್ಕೊಂಡು ಹತ್ತಿ ಅಂದ್ರಿ."

"ಮತ್ತೆ? ಸರಿಯಾಗೇ ಹೇಳಿದೀನಲ್ಲ."

"ಈ ಓಣಿಗಳಲ್ಲಿ ಸಮುದ್ರ ಎಲ್ಲೂ ಕಾಣೋದಿಲ್ವಲ್ಲ, ಇನೆಸ್."

ಅವರು ನನ್ನನ್ನು ದಿಟ್ಟಿಸುತ್ತಾರೆ. "ಕಾಣ್ಬೇಕಾ?"

ಇಲ್ಲಿ ಹುಟ್ಟಿದವರಿಗೆ ಎಡ ಬಲ ಇಲ್ಲ. ಗುಡ್ಡದ ಕಡೆ, ಸಮುದ್ರದ ಕಡೆ, ಇಷ್ಟೇ. ನಡುಮನೆಯಲ್ಲಿ ಕಣ್ಣು ಕಟ್ಟಿ ಗಿರಗಿರ ತಿರುಗಿಸಿದರೂ ಸಮುದ್ರದ ಕಡೆ ಕೈ ತೋರಿಸುತ್ತಾರೆ. ಎಲ್ಲರಿಗೂ ಹಾಗೇ ತಿಳಿಯುತ್ತದೆ ಎಂದೇ ಇನೆಸ್ ಇಷ್ಟು ವರ್ಷ ಪರವೂರಿನವರಿಗೆ ದಾರಿ ಹೇಳಿದ್ದಾರೆ. ಈಗ ಆ ಮುಖದಲ್ಲಿ ಆ ವರ್ಷಗಳಷ್ಟೂ ಒಟ್ಟಿಗೆ ಬಂದು ನಿಂತಂತಿದೆ.

"ಅಯ್ಯೋ ದೇವರೇ. ಹಾಗಾದ್ರೆ ಅವರೆಲ್ಲ ಎಲ್ಲಿಗೆ ಹೋದ್ರು?"

ತಟ್ಟನೆ ಏಪ್ರನ್ ಬಿಚ್ಚುತ್ತಾರೆ. "ಸಮುದ್ರ ಹುಡುಕೋಳು ಕೆಳಗೆ ಹೋಗಲ್ಲ, ಮೇಲಕ್ಕೆ ಹೋಗ್ತಾಳೆ. ಕಾಣೋದು ಅಲ್ಲಿಂದ್ಲೇ." ರೂತಾ ಅವರ ಫೋನನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಹಿಡಿ ಹಿಡಿಯುತ್ತಾರೆ.

ಆದರೆ ಮಧ್ಯಾಹ್ನದ ಊಟದವರೆಗೆ ಬಾಗಿಲು ಬಿಡುವಂತಿಲ್ಲ. ಮೂರನೇ ಅಂತಸ್ತಿನ ಗಾಗ್ಗೆರೋ, ನಿವೃತ್ತ ಹಡಗು ಕಪ್ತಾನರು, ಮೆಟ್ಟಿಲ ತಿರುವಿನಿಂದ ಇಣುಕುತ್ತಾರೆ.

"ಎಲ್ಲಿಗೆ ಸವಾರಿ? ಈ ಹೊತ್ತಲ್ಲಿ ನೀವು ಬಾಗಿಲು ಬಿಟ್ಟಿದ್ದು ನಿಮ್ಮಮ್ಮ ಸತ್ತ ದಿನ ಒಂದೇ. ನನ್ನ ಮೀನು ಬರುತ್ತೆ, ಯಾರು ತಗೋತಾರೆ?"

"ನೀವೇ ತಗೊಳ್ಳಿ, ಕಪ್ತಾನರೇ. ಹೇಗಿದ್ರೂ ಮೇಲೆ ಕೂತು ಗೊಣಗ್ತೀರಿ, ಇವತ್ತು ನನ್ನ ಕುರ್ಚಿ ಮೇಲೆ ಕೂತು ಗೊಣಗಿ."

ಕಪ್ತಾನರು ಗೊಣಗುತ್ತಲೇ ಇಳಿದು ಬಂದು ಕೂರುತ್ತಾರೆ.

ಕಾಸ್ತೆಲ್ಲೆತ್ತೊ ಗುಡ್ಡಕ್ಕೆ ಊರಿನ ಲಿಫ್ಟಿದೆ. ಮೇಲೆ ಬಾಗಿಲು ತೆರೆದಾಗ ಗಂಟೆ ಹನ್ನೆರಡು ಹತ್ತು. ಕೆಳಗೆ ಛಾವಣಿಗಳ ರಾಶಿ, ಅದರಾಚೆ ಸಮುದ್ರ. ಕಂಬಿಯ ಪಕ್ಕ ಒಬ್ಬ ಹೆಂಗಸು ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದಾರೆ; ಎರಡು ಹೆಜ್ಜೆ ನಡೆದು, ತಿರುಗಿ ನೋಡಿ, ಮತ್ತೆ ಬೆನ್ನು ಮಾಡುತ್ತಾರೆ. ರೂತಾ.

"ನೀವು ಹೇಳಿದ ಹಾಗೇ ಮಾಡ್ದೆ," ಅಳುವಿನಲ್ಲೂ ಆಕೆ ಒಂದೊಂದೇ ಮಾತು ಹೆಕ್ಕುತ್ತಾರೆ. "ಸಮುದ್ರ ಹುಡುಕಿದೆ, ಬೆನ್ನಿಗಿಟ್ಕೊಂಡೆ, ಹತ್ತಿದೆ. ಮೂರು ಸಲ. ಪ್ರತಿ ಸಲ ನಿಮ್ಮ ಬಾಗಿಲು ಇನ್ನೂ ಕೆಳಗೆ ಹೋಯ್ತು."

"ನೀವು ಸರಿಯಾಗೇ ಮಾಡಿದ್ರಿ. ನಾನೇ ಅರ್ಧ ಹೇಳಿದ್ದು," ಎನ್ನುತ್ತಾ ಇನೆಸ್ ಪೆಟ್ಟಿಗೆಯನ್ನು ಆಕೆಯ ಕೈಗೆ ಕೊಡುತ್ತಾರೆ.

ಅಲ್ಲಿಂದಲೇ ರೈಲು ನಿಲ್ದಾಣದ ಬಸ್ಸು. ತಮ್ಮ ಕೋಣೆಯ ಫೋನ್ ನಂಬರ್ ಬರೆದುಕೊಟ್ಟು ಹತ್ತಿಸಿ, ಬಾಗಿಲು ಮುಚ್ಚಿದ ಮೇಲೆ, ಇನೆಸ್ ನನ್ನ ತೋಳು ಹಿಡಿದುಕೊಳ್ಳುತ್ತಾರೆ. "ಆ ಕಡೆಗೇ ಹೋಗೋ ಬಸ್ ತಾನೇ?" ನನಗೂ ಒಮ್ಮೆಲೇ ಗೊತ್ತಾಗುವುದಿಲ್ಲ. ಇಬ್ಬರೂ ಹಿಂದೆ ಓಡಿ ಫಲಕ ಓದುತ್ತೇವೆ. ಅದೇ ಬಸ್ಸು.

ಒಂದೂವರೆಗೆ ಕೋಣೆಯ ಫೋನು ಹೊಡೆದುಕೊಳ್ಳುತ್ತದೆ. ಇನೆಸ್ ಕೇಳಿಸಿಕೊಂಡು, "ರೈಲಲ್ಲಿ ಕೂತ್ರಾ? ಕಿಟಕಿ ಪಕ್ಕನಾ? ಸರಿ, ಸರಿ," ಎಂದು ಇಡುತ್ತಾರೆ. ಕಪ್ತಾನರು ಮೀನಿನ ಪೊಟ್ಟಣ ಹಿಡಿದು, ಮೂವರು ದಾರಿ ತಪ್ಪಿ ಬಂದಿದ್ದರು, ಮೂವರನ್ನೂ ಗದರಿ ಕಳಿಸಿದೆ ಎಂದು ವರದಿ ಒಪ್ಪಿಸುತ್ತಾರೆ. "ಕೈ ಹಿಡಿದು ತಿರುವಿನ ತನಕ ಕರ್ಕೊಂಡು ಹೋಗ್ಬೇಕು," ಇನೆಸ್ ಕಪ್ತಾನರಿಗೆ ಹೇಳುತ್ತಾರೆ. "ಇನ್ಮೇಲೆ ಹಾಗೇ."

ನೀವೆಲ್ಲಾದರೂ ಊರು ನೋಡಲು ಹೋಗಿದ್ದೀರಾ ಎಂದು ಇನೆಸ್‌ರನ್ನು ಕೇಳುತ್ತೇನೆ. ಇಲ್ಲ.

"ಸಮುದ್ರ ಯಾವ ಕಡೆ ಅಂತ ಗೊತ್ತಾಗದೇ ಇರೋ ಊರಿಗೆ ಒಂದು ಸಲ ಹೋಗ್ಬೇಕು. ಒಬ್ಬಳೇ. ಒಂದು ದಿನ ಸಾಕು."

"ದಾರಿ ತಪ್ಪಿದ್ರೆ?"

ಅವರು ಬಕೆಟ್ಟಿಗೆ ನೀರು ಬಿಡುತ್ತಾರೆ. "ಬೆಳಿಗ್ಗೆ ಬೆಳಿಗ್ಗೆ ಹೊಸ್ತಿಲು ಉಜ್ಜೋಳು ಒಬ್ಬಳು ಅಲ್ಲೂ ಇದ್ದೇ ಇರ್ತಾಳಲ್ಲಮ್ಮ."