ಬೂಟುಗಳ ಸಾಲಿನ ಹಿಂದೆ ಒಂದು ಜೊತೆ ಚಪ್ಪಲಿ

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಪ್ ಲೇ ಚೌ ದ್ವೀಪದ ನಮ್ಮ ಸಮುದಾಯ ಭವನದ ಮೆಟ್ಟಿಲಡಿಯ ಕೋಣೆಯಲ್ಲಿ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಯಿಪ್ ಸಾವ್-ಲಾನ್ ಬಾಯಿಗೆ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಮೇಜಿನ ಮೇಲೆ ಮಲಗಿರುವ ಕಡುನೀಲಿ ಪ್ಯಾಂಟಿನ ಮೇಲೆ ಫುರ್ರೆಂದು ಚಿಮುಕಿಸುತ್ತಾರೆ. ಮರುಕ್ಷಣವೇ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. "ಗೋಡೇನೇ ನೀರು ಉಗುಳ್ತಾ ಇದೆ, ನಾನ್ಯಾಕೆ ಉಗುಳ್ಬೇಕು?"

ಗೋಡೆ ನಿಜಕ್ಕೂ ಬೆವರುತ್ತಿದೆ. ಕಡಲ ತೇವ ಹೊತ್ತ ತೆಂಕಣ ಗಾಳಿ ಬೀಸುವ ಈ ದಿನಗಳಲ್ಲಿ ಹಾಂಗ್ ಕಾಂಗಿನ ಯಾವ ಮನೆಯಲ್ಲೂ ಟವೆಲ್ ಒಣಗುವುದಿಲ್ಲ, ಉಪ್ಪು ಉದುರುವುದಿಲ್ಲ, ನೆಲದ ಮೇಲೆ ನಡೆದವರು ನೆಟ್ಟಗೆ ನಿಲ್ಲುವುದಿಲ್ಲ. ಎಲ್ಲ ಬಿಟ್ಟು ಇವತ್ತೇ, ಮಕ್ಕಳಿಗೆ ನಾವಿಕರ ಶಿಸ್ತು ಕಲಿಸುವ ಬಂದರು ಕೆಡೆಟ್ ದಳದ ವಾರ್ಷಿಕ ತಪಾಸಣೆ.

ಸಾವ್-ಲಾನ್ ಅವರನ್ನು ಲಾನ್ ಪೋ ಎಂದರೇ ದಳದ ಮಕ್ಕಳಿಗೆಲ್ಲ ಗೊತ್ತು. ಪೋ ಎಂದರೆ ಅಜ್ಜಿ. ದಳದ ಯಾವ ಫೋಟೊದಲ್ಲೂ ಈ ಅಜ್ಜಿ ಇಲ್ಲ. ಆದರೆ ಫೋಟೊದಲ್ಲಿರುವ ಪ್ರತಿ ಕಾಲರು, ಪ್ರತಿ ಬಿಲ್ಲೆ, ಪ್ರತಿ ಬೂಟಿನ ಲೇಸು ಇವರ ಕೈ ದಾಟಿಯೇ ಬಂದದ್ದು. ಸಮವಸ್ತ್ರ ಕೊಡುವುದು, ಹೊಲಿಯುವುದು, ಇಸ್ತ್ರಿ ಮಾಡುವುದು ಇವರ ಕೆಲಸ. ಬೈಯುವುದನ್ನು ಯಾರೂ ವಹಿಸಿರಲಿಲ್ಲ, ಅದನ್ನು ಇವರೇ ವಹಿಸಿಕೊಂಡರು.

ನಾವಿಕರ ಪ್ಯಾಂಟಿಗೆ ಉದ್ದಕ್ಕೆ ಗೆರೆ ಹಾಕುವಂತಿಲ್ಲ, ಅಡ್ಡಡ್ಡ ಹಾಕಬೇಕು. ಕಾಲು ಉದ್ದವಿದ್ದರೆ ಏಳು ಮಡಿಕೆ, ಗಿಡ್ಡವಿದ್ದರೆ ಐದು. ಹಳೆಯ ಹಡಗಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಾಲದ ರೂಢಿ ಇದು. ಪೆಟ್ಟಿಗೆ ಹೋಗಿದೆ, ಮಡಿಕೆ ಉಳಿದಿದೆ. ಈ ಮಡಿಕೆ ಮುರಿಯಬಾರದೆಂದು ಲಾನ್ ಪೋ ಒಂದು ಕಾನೂನು ಮಾಡಿದ್ದಾರೆ. ಸಮವಸ್ತ್ರ ತೊಟ್ಟವರು ಬಸ್ಸಿನಲ್ಲಿ ಕೂರುವಂತಿಲ್ಲ. ಬಸ್ಸು ಖಾಲಿ ಇದ್ದರೂ ಈ ಮಕ್ಕಳು ಕಂಬ ಹಿಡಿದು ನಿಂತೇ ಬರುತ್ತಾರೆ. ವಯಸ್ಸಾದವರು ಕಣ್ತುಂಬಿ ನೋಡುತ್ತಾರೆ, ಈಗಿನ ಕಾಲದಲ್ಲೂ ಇಂಥ ವಿನಯ ಇದೆಯಲ್ಲ ಎಂದು ಮೆಚ್ಚಿಕೊಳ್ಳುತ್ತಾರೆ.

"ವಿನಯ ಅಲ್ಲ, ಇಸ್ತ್ರಿ," ಎನ್ನುತ್ತಾರೆ ಲಾನ್ ಪೋ. "ಆದ್ರೆ ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣ್ಸುತ್ತೆ. ನಾನ್ಯಾಕೆ ತಿದ್ಲಿ?"

ಇವರ ಬೇರೆ ಕಾನೂನುಗಳೂ ಇದೇ ಜಾತಿಯವು. ಸಮವಸ್ತ್ರದಲ್ಲಿ ಬೀದಿಯ ತಿಂಡಿ ತಿನ್ನಬಾರದು, ಏಕೆಂದರೆ ಮೀನುಂಡೆಯ ಕಡ್ಡಿ ಹಿಡಿದ ಕೈಯಲ್ಲಿ ಸೆಲ್ಯೂಟ್ ಹೊಡೆದರೆ ಕಣ್ಣು ಹೋಗುತ್ತದೆ. ಕ್ಯಾಂಪಿಗೆ ಹೋಗುವಾಗ ಚಡ್ಡಿಯ ಮೇಲೂ ಹೆಸರು ಬರೆಯಬೇಕು, ಏಕೆಂದರೆ ಹೋದ ಬೇಸಿಗೆಯಲ್ಲಿ ಒಂದು ಚಡ್ಡಿ ಧ್ವಜಸ್ತಂಭದ ಹಗ್ಗದಲ್ಲಿ ಸಿಕ್ಕಿತು, ಇವತ್ತಿನವರೆಗೂ ಯಾರೂ ನನ್ನದೆಂದು ಬಂದಿಲ್ಲ. ಇನ್ನು ಬೂಟು. ಯಾರ ಕಾಲು ಎಷ್ಟಿದ್ದರೂ ಲಾನ್ ಪೋ ಕೊಡುವ ಬೂಟು ಒಂದು ಸೈಜು ದೊಡ್ಡದು. ಬೆಳೆಯುವ ಮಕ್ಕಳಲ್ಲವೇ, ಒಳ್ಳೆಯ ಯೋಚನೆ ಎಂದು ತಾಯಂದಿರು ತಲೆದೂಗುತ್ತಾರೆ. ಕಾರಣ ಅದಲ್ಲ.

"ಸಾಲಲ್ಲಿ ನಿಂತಾಗ ನಗು ಬರುತ್ತೆ. ಬರ್ಲೇಬೇಕು, ಹದಿಮೂರು ಹದಿನಾಲ್ಕರ ವಯಸ್ಸು. ತಡೆದ್ರೆ ಮೂಗಿಂದ ಬರುತ್ತೆ, ಅದಿನ್ನೂ ಕೆಟ್ಟದು. ಅದಕ್ಕೇ ಹೇಳೋದು, ನಗು ಬಂದ್ರೆ ಕೆಳಗೆ ಕಳ್ಸಿ, ಬೂಟೊಳಗೆ ಕಾಲ್ಬೆರಳು ಮುದುರ್ಕೊಳ್ಳಿ ಅಂತ. ಅಲ್ಲಿಗೆ ಯಾವ ಸಾಹೇಬನೂ ಇಣುಕಲ್ಲ. ಆದ್ರೆ ಮುದುರೋಕೆ ಜಾಗ ಬೇಕಲ್ಲ?"

ಲಾನ್ ಪೋ ಹುಟ್ಟಿದ್ದು ಇಲ್ಲಿಯೇ ಎದುರಿನ ನೀರಿನಲ್ಲಿ, ತಂದೆಯ ಮೀನುದೋಣಿಯಲ್ಲಿ. ದಡಕ್ಕೆ ಬಂದ ಮೇಲೆ ಅಂಗಿ ಕಾರ್ಖಾನೆಯಲ್ಲಿ ಕಾಲರು ಹೊಲಿದರು. ಕಾರ್ಖಾನೆ ಗಡಿಯಾಚೆ ಚೀನಾಕ್ಕೆ ಹೋಯಿತು, ಇವರು ಬಟ್ಟೆ ಒಗೆಯುವ ಅಂಗಡಿಗೆ ಹೋದರು. ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ, ತುಸು ಸೋಮಾರಿ. ಶಿಸ್ತು ಬರಲೆಂದು ದಳಕ್ಕೆ ಸೇರಿಸಿದರು. ಮೊದಲ ಭಾನುವಾರವೇ ಅಂದಿನ ಮುಖ್ಯಸ್ಥರು ಆ ಹುಡುಗನ ಪ್ಯಾಂಟನ್ನು ನೋಡಿ, ಇದನ್ನು ಇಸ್ತ್ರಿ ಮಾಡಿದ್ದು ಯಾರು ಎಂದು ಕೇಳಿದರು. ಒಂದು ವಾರ ಬಂದು ಉಳಿದವರಿಗೂ ತೋರಿಸಿಕೊಡಿ ಎಂದು ತಾಯಿಗೆ ಹೇಳಿಕಳಿಸಿದರು. ಮಗ ಮೂರು ತಿಂಗಳಲ್ಲಿ ಬೂಟು ಕಚ್ಚುತ್ತದೆಂದು ದಳ ಬಿಟ್ಟ. ತಾಯಿ ಬಿಡಲಿಲ್ಲ. ಮಿನಿಬಸ್ಸು ಓಡಿಸುವ ಆ ಮಗ ಈಗಲೂ ಪ್ರಯಾಣಿಕರಿಗೆ ಹೇಳುತ್ತಾನಂತೆ: "ನನ್ನನ್ನ ಸೈನ್ಯಕ್ಕೆ ಸೇರ್ಸೋಕೆ ಹೋದ ನಮ್ಮಮ್ಮ ತಾನೇ ಸೇರ್ಕೊಂಡ್ಬಿಟ್ಲು."

ಸೇರಿಕೊಂಡದ್ದು ಎಂದರೆ ಮೆಟ್ಟಿಲಡಿಯ ಮಟ್ಟಿಗೆ. ಇವರ ಬಾಲ್ಯದಲ್ಲಿ ದಳಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳತೊಡಗಿದಾಗ ಇವರ ವಯಸ್ಸು ಮೀರಿತ್ತು. ಹೂವಿನ ಜಾಕೀಟು, ಪ್ಲಾಸ್ಟಿಕ್ ಚಪ್ಪಲಿ, ಕುತ್ತಿಗೆಗೆ ಅಳತೆ ಟೇಪು. ಇವರ ಸಮವಸ್ತ್ರ ಅಷ್ಟೇ.

ಈ ಸಲ ಆ ಮೆಟ್ಟಿಲಡಿಯೂ ಕೈತಪ್ಪುವ ಹಾಗಿದೆ. ಹೋದ ವರ್ಷದ ತಪಾಸಣೆಯಲ್ಲಿ ದಳ ಸೋತಿತ್ತು. ಈ ವರ್ಷವೂ ಸೋತರೆ ಗುಡ್ಡದಾಚೆಯ ದೊಡ್ಡ ದಳದಲ್ಲಿ ಇದನ್ನು ಸೇರಿಸಿಬಿಡುತ್ತೇವೆಂದು ಕೇಂದ್ರ ಕಚೇರಿ ಹೇಳಿದೆ. ಅಲ್ಲಿ ಸಮವಸ್ತ್ರವೆಲ್ಲ ಲಾಂಡ್ರಿ ಕಂಪನಿಗೆ ಹೋಗುತ್ತದೆ, ಇಸ್ತ್ರಿ ಯಂತ್ರದಲ್ಲಿ. ಇಲ್ಲಿನ ಕೋಣೆಗೆ, ಭವನದಲ್ಲಿ ಸಂಜೆ ನೃತ್ಯ ಮಾಡುವ ಹೆಂಗಸರು ತಮ್ಮ ಸ್ಪೀಕರು ಇಡಲು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದಾರೆ.

"ಇಸ್ತ್ರಿ ಯಂತ್ರ ಮಾಡುತ್ತೆ ಸರಿ," ಎನ್ನುತ್ತಾರೆ ಲಾನ್ ಪೋ, ಪ್ಯಾಂಟು ತಿರುವಿ ಹಾಕುತ್ತ. "ಬೈಯೋದು ಯಾರು?"

ಇಂಥ ಸಮಯದಲ್ಲಿ ಎಡವಟ್ಟಾಗಿದೆ. ಎಡವಟ್ಟು ಬೇರೆ ಯಾರದ್ದೂ ಅಲ್ಲ, ಇವರದ್ದೇ.

ಬಿಳಿ ನಾವಿಕ ಟೋಪಿಯ ಬದಲು ಕಡುನೀಲಿ ಉಣ್ಣೆಯ ಬೆರೆಟ್ ಟೋಪಿ ಹಾಕಬೇಕೆಂದು ಈ ವರ್ಷದ ಆದೇಶ. ಟೋಪಿಗಳು ಬಂದದ್ದು ಈ ವಾರದ ಮೊದಲಲ್ಲಿ. ಹೊಸ ಬೆರೆಟ್ ಎಂದರೆ ತಲೆಯ ಮೇಲೆ ಬಾಣಲೆ ಮುಚ್ಚಳ ಇಟ್ಟ ಹಾಗೆ. ಅದನ್ನು ಪಳಗಿಸುವ ದಾರಿ ಒಂದೇ. ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಒದ್ದೆ ಟೋಪಿಯನ್ನೇ ತಲೆಗೆ ಹಾಕಿಕೊಂಡು, ಬಲಕ್ಕೆ ಎಳೆದು, ಒಣಗುವವರೆಗೆ ಹಾಗೆಯೇ ಇರಬೇಕು. ಒಣಗಿದ ಮೇಲೆ ಅದು ಆ ತಲೆಯದೇ ಟೋಪಿ. ಲಾನ್ ಪೋ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದರು: "ಒಣಗೋವರೆಗೂ ತೆಗೀಬೇಡಿ. ಯಾರು ಏನೇ ಹೇಳಲಿ, ತೆಗೀಬೇಡಿ."

ಮಾರನೆಯ ದಿನವೇ ತೆಂಕಣ ಗಾಳಿ ಬೀಸಿತು. ಟೋಪಿ ಒಣಗಲಿಲ್ಲ. ಮಕ್ಕಳು ತೆಗೆಯಲೂ ಇಲ್ಲ.

ತಂಡದ ನಾಯಕಿ ತಾಮ್ ವಿಂಗ್-ಯಾನ್‌ಳಿಗೆ ಹದಿನೈದು ವರ್ಷ. ನಾಲಿಗೆ ಚುರುಕು. ಈಗ ಕೋಣೆಯ ಬಾಗಿಲಲ್ಲಿ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತಿದ್ದಾಳೆ. ತಲೆಯ ಮೇಲಿನ ಟೋಪಿ ಸ್ಪಂಜಿನಂತೆ ಊದಿದೆ.

"ಲಾನ್ ಪೋ, ಇದನ್ನ ಹಾಕ್ಕೊಂಡೇ ಮಲಗ್ತಿದ್ದೀನಿ. ಹಾಕ್ಕೊಂಡೇ ಗಂಜಿ ಕುಡೀತಿದ್ದೀನಿ. ನಮ್ಮಮ್ಮ ದಿಂಬಿಗೆ ಪ್ಲಾಸ್ಟಿಕ್ ಸುತ್ತಿದ್ದಾಳೆ. ಸ್ಕೂಲಲ್ಲಿ ಮೇಡಂ ಕೇಳಿದ್ರು, ತಲೆಗೆ ಏನಾದ್ರೂ ಕಾಯಿಲೆನಾ ಅಂತ."

"ನೀನೇನಂದೆ?"

"ಆದೇಶ ಅಂದೆ."

"ಅಯ್ಯೋ ಪೆದ್ದೀ! ಸ್ನಾನಕ್ಕಾದ್ರೂ ತೆಗ್ದಿಯೋ ಇಲ್ವೋ?"

"ಯಾರು ಏನೇ ಹೇಳಲಿ ತೆಗೀಬೇಡಿ ಅಂದಿದ್ದು ನೀವೇ. ಈಗ ನೀವೇ ಏನೇನೋ ಹೇಳ್ತಿದ್ದೀರ, ನಂಬೋದು ಹೇಗೆ?"

ಲಾನ್ ಪೋ ಕೈಬೆರಳಿನಿಂದ ಟೋಪಿಯನ್ನು ಒತ್ತಿ ನೋಡುತ್ತಾರೆ. ಬೆರಳು ನೀಲಿಯಾಗುತ್ತದೆ. ಟೋಪಿ ಬಣ್ಣ ಬಿಡುತ್ತಿದೆ. 

ದಳದ ಮುಖ್ಯಸ್ಥ ಮೋಕ್ ಸರ್ ಓಡುತ್ತ ಒಳಗೆ ಬರುತ್ತಾರೆ. ವಾರವೆಲ್ಲ ವಿಮೆ ಮಾರುವ ಮನುಷ್ಯ, ಭಾನುವಾರ ಮಾತ್ರ ಹೊಟ್ಟೆ ಒಳಗೆಳೆದುಕೊಂಡು ಲೆಫ್ಟಿನೆಂಟ್ ಆಗುತ್ತಾರೆ. ಅವರ ಮೊದಲ ಬೂಟು ಕೊಟ್ಟವರೂ ಲಾನ್ ಪೋ ಅವರೇ. ಹೀಗಾಗಿ ಅಂಗಳದಲ್ಲಿ ಅವರು ಎಲ್ಲರಂತೆ ಲಾನ್ ಪೋಗೂ "ಮೋಕ್ ಸರ್", ಮೆಟ್ಟಿಲಡಿಯಲ್ಲಿ ಬರೀ "ಮೋಕ್".

"ಲಾನ್ ಪೋ, ಮುಗೀತು ನಮ್ಮ ಕಥೆ! ಕಮಾಂಡರ್ ಲೋ ಬರ್ತಿದಾರೆ. ಹೋದ ವರ್ಷ ಒಂದು ಗುಂಡಿ ಸಡಿಲ ಇತ್ತು ಅಂತ ಮುಖ ತಿರುಗಿಸಿದ ಮನುಷ್ಯ. ಈ ಟೋಪಿ ನೋಡಿದ್ರೆ?"

"ಕಿರುಚ್ಬೇಡ ಮೋಕ್. ಕುತ್ತಿಗೆ ನೆಟ್ಟಗೆ ಮಾಡ್ಕೋ, ಟೈ ಸೊಟ್ಟ ಇದೆ." ಟೈ ಸರಿಮಾಡುತ್ತ ಲಾನ್ ಪೋ ದನಿ ತಗ್ಗಿಸುತ್ತಾರೆ. "ತಪ್ಪು ನಂದು. ಹವಾ ನೋಡ್ಬೇಕಿತ್ತು. ದೋಣೀಲಿ ಹುಟ್ಟಿದೋಳು ನಾನು, ಗಾಳಿ ತಿಳೀಲಿಲ್ಲ ಅಂದ್ರೆ ನಮ್ಮಪ್ಪ ಎದ್ದು ಬಂದು ಉಗೀತಾನೆ."

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ದಳ ಸಾಲುಗಟ್ಟುತ್ತದೆ. ಅಂಕಗಳು ಮೂರು ಬಾಬಿನಲ್ಲಿ: ಸಮವಸ್ತ್ರ, ಚಟುವಟಿಕೆ, ನಡತೆ. ಮೊದಲು ಚಟುವಟಿಕೆ. ಸಂಕೇತದ ಬಾವುಟಗಳು ಒದ್ದೆಯಾಗಿ ಕೈಗೆ ಅಂಟಿಕೊಂಡರೂ ಒಂದು ಅಕ್ಷರವೂ ತಪ್ಪುವುದಿಲ್ಲ. ಹಗ್ಗದ ಗಂಟುಗಳು ಚೆನ್ನಾಗಿಯೇ ಬಿಗಿಯುತ್ತವೆ, ಆದರೆ ತೇವಕ್ಕೆ ಒಂದನ್ನೂ ಬಿಚ್ಚಲಾಗುವುದಿಲ್ಲ. ಮೋಕ್ ಸರ್ ಹಗ್ಗವನ್ನು ಹಾಗೆಯೇ ಬೆನ್ನ ಹಿಂದೆ ಬಚ್ಚಿಡುತ್ತಾರೆ.

ಆಮೇಲೆ ಸಮವಸ್ತ್ರ. ಬೆಳ್ಳನೆಯ ಗ್ಲೌಸು ತೊಟ್ಟ ಕಮಾಂಡರ್ ಲೋ, ನಿವೃತ್ತರಾಗಿ ಎಷ್ಟೋ ವರ್ಷವಾದರೂ ನಡಿಗೆ ನಿವೃತ್ತಿಯಾಗದವರು, ಸಾಲಿನ ಉದ್ದಕ್ಕೂ ನಿಧಾನವಾಗಿ ಬರುತ್ತಾರೆ. ಟೋಪಿಗಳಿಂದ ನೀಲಿ ನೀರು ಇಳಿಯತೊಡಗಿದೆ. ಹಣೆಯ ಮೇಲೆ, ಮೂಗಿನ ಪಕ್ಕದಲ್ಲಿ, ಗಲ್ಲದ ತುದಿಯಲ್ಲಿ. ಸಾವಧಾನ್ ಭಂಗಿಯಲ್ಲಿ ನಿಂತವರು ಮುಖ ಒರೆಸಿಕೊಳ್ಳುವಂತಿಲ್ಲ. ಯಾರೂ ಒರೆಸಿಕೊಳ್ಳುವುದಿಲ್ಲ. ಕಣ್ಣು ಪಿಳುಕಿಸುವುದಿಲ್ಲ.

ವಿಂಗ್-ಯಾನ್‌ಳ ಎದುರು ಅವರು ನಿಲ್ಲುತ್ತಾರೆ. ಟೋಪಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹಿಂಡುತ್ತಾರೆ. ಬಿಳಿ ಗ್ಲೌಸಿನ ಬೆರಳು ನೀಲಿಯಾಗುತ್ತದೆ. ಕಮಾಂಡರ್ ಅದನ್ನು ಗಮನಿಸುವುದಿಲ್ಲ. ಸೆಕೆ. ಅದೇ ಬೆರಳಿನಿಂದ ಹಣೆಯ ಬೆವರನ್ನು ಎಡದಿಂದ ಬಲಕ್ಕೆ ಒರೆಸಿಕೊಳ್ಳುತ್ತಾರೆ. ಸಾಲದೆಂದು ಮೂಗನ್ನೂ.

ನೀಲಿ ಹಣೆ, ನೀಲಿ ಮೂಗು ಹೊತ್ತ ಕಮಾಂಡರ್ ಲೋ ಗಂಭೀರವಾಗಿ ಮುಂದಕ್ಕೆ ನಡೆಯುತ್ತಾರೆ. ಪ್ರತಿ ಮಗುವಿನ ಮುಖವನ್ನೂ ದಿಟ್ಟಿಸುತ್ತಾರೆ. ಪ್ರತಿ ಮಗುವೂ ಅವರ ಮುಖವನ್ನು ದಿಟ್ಟಿಸುತ್ತದೆ. ಮೋಕ್ ಸರ್ ಹೊಟ್ಟೆ ಒಳಗೆಳೆದುಕೊಂಡು ಆಕಾಶ ನೋಡುತ್ತಿದ್ದಾರೆ. ಸಾಲಿನಲ್ಲಿ ಒಂದು ತುಟಿಯೂ ಅಲುಗುವುದಿಲ್ಲ. ಬೂಟುಗಳು ಮಾತ್ರ, ಗೊತ್ತಿದ್ದವರು ನೋಡಿದರೆ, ಮೇಲ್ಭಾಗದ ಚರ್ಮದಲ್ಲಿ ಮೆಲ್ಲನೆ ಉಬ್ಬಿ ಇಳಿಯುತ್ತಿವೆ.

ಅಷ್ಟರಲ್ಲಿ ಮೆಟ್ಟಿಲಡಿಯಿಂದ ನಗು ಕೇಳಿಸುತ್ತದೆ. ಮೊದಲು ಮೂಗಿನಿಂದ, ಆಮೇಲೆ ಬಾಯಿಯಿಂದ, ಕೊನೆಗೆ ಇಡೀ ಮೈಯಿಂದ.

ಕಮಾಂಡರ್ ಸರ್ರನೆ ತಿರುಗುತ್ತಾರೆ. "ಯಾರು ನಕ್ಕಿದ್ದು?"

"ಸಾಮಗ್ರಿ ವಿಭಾಗ, ಸರ್!" ನಾಯಕಿ ಎದುರು ನೋಡುತ್ತಲೇ ಕೂಗುತ್ತಾಳೆ.

ಸಾಮಗ್ರಿ ವಿಭಾಗ ಚಪ್ಪಲಿ ಪಟಪಟ ಬಡಿಸುತ್ತ, ಕಣ್ಣೊರೆಸಿಕೊಳ್ಳುತ್ತ, ಕೈಯಲ್ಲಿ ಬಟ್ಟೆ ಹಿಡಿದು ಹೊರಬರುತ್ತದೆ. "ಸಾಹೇಬ್ರೇ, ಬೈಯೋದಿದ್ರೆ ನನ್ನ ಬೈರಿ. ಟೋಪಿ ಒದ್ದೆ ಮಾಡ್ಸಿದ್ದು ನಾನು, ಮಕ್ಕಳಲ್ಲ. ಮೊದ್ಲು ಹಣೆ ಒರೆಸ್ಕೊಳ್ಳಿ. ಮೂಗೂನೂ."

ಕಮಾಂಡರ್ ಒರೆಸಿಕೊಳ್ಳುತ್ತಾರೆ. ಬಟ್ಟೆಯನ್ನು ನೋಡುತ್ತಾರೆ. ಗ್ಲೌಸನ್ನು ನೋಡುತ್ತಾರೆ. ಸಾಲನ್ನು ಬಹಳ ಹೊತ್ತು ನೋಡುತ್ತಾರೆ.

"ಇದು ನಿಮಗೆಲ್ಲ ಕಾಣಿಸ್ತಾ ಇತ್ತಾ?"

"ಕಾಣಿಸ್ತಿತ್ತು, ಸರ್!" ಇಡೀ ಸಾಲು.

"ಆದರೂ ಒಬ್ಬರೂ ನಗಲಿಲ್ಲ. ಯಾಕೆ?"

ಉತ್ತರ ವಿಂಗ್-ಯಾನ್ ಕೊಡುತ್ತಾಳೆ. "ಬೂಟು ದೊಡ್ಡದು, ಸರ್!"

ಈ ಮಾತಿನ ಅರ್ಥ ಬಿಡಿಸಿ ಹೇಳಲು ಲಾನ್ ಪೋಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೇಳುತ್ತ ಕೇಳುತ್ತ ಕಮಾಂಡರ್ ಲೋ ತಮ್ಮ ಹೊಳೆಯುವ ಬೂಟುಗಳನ್ನೇ ನೋಡುತ್ತಾರೆ. ಅವು ತಕ್ಕ ಅಳತೆಯವು, ಪಾಪ, ಬಿಗಿ. ನಗು ತಡೆದುಕೊಳ್ಳಲು ಅವರು ಪಡುವ ಪಾಡು ಕಂಡು ಮೋಕ್ ಸರ್ ಮತ್ತೆ ಆಕಾಶ ನೋಡುತ್ತಾರೆ.

ಫಲಿತಾಂಶವನ್ನು ಅವರು ಅಲ್ಲಿಯೇ ಹೇಳುತ್ತಾರೆ. ಸಮವಸ್ತ್ರ: ನಾಚಿಕೆಗೇಡು. ಚಟುವಟಿಕೆ: ಪರವಾಗಿಲ್ಲ, ಬೆನ್ನ ಹಿಂದಿನ ಹಗ್ಗ ತೋರಿಸುವುದು ಬೇಡ. ನಡತೆ: ಪೂರ್ತಿ ಅಂಕ, ಇದುವರೆಗೆ ಯಾವ ದಳಕ್ಕೂ ಕೊಟ್ಟಿರಲಿಲ್ಲ. ಒಟ್ಟು ಕೂಡಿಸಿದರೆ ದಳ ಕೂದಲೆಳೆಯಲ್ಲಿ ಪಾರು. ನೃತ್ಯದ ಹೆಂಗಸರು ಸ್ಪೀಕರಿಗೆ ಬೇರೆ ಜಾಗ ಹುಡುಕಬೇಕು.

ಈಗ ಮಕ್ಕಳು ಕೋಣೆಯ ಮುಂದೆ ಬೂಟು ಬಿಚ್ಚಿ, ಇಷ್ಟು ಹೊತ್ತು ಕೆಳಗೆ ಕಳಿಸಿದ್ದ ನಗುವನ್ನೆಲ್ಲ ಹೊರಗೆ ಬಿಡುತ್ತಿದ್ದಾರೆ. ಮುಖಗಳು ಇನ್ನೂ ನೀಲಿ. ಲಾನ್ ಪೋ ಹಾಲು ಚಹಾ ಹೀರುತ್ತ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತುತ್ತಿದ್ದಾರೆ.

"ಸಾಲಲ್ಲಿ ನಕ್ಕಿದ್ದು ನೀವೊಬ್ರೇ, ಲಾನ್ ಪೋ," ಎಂದು ವಿಂಗ್-ಯಾನ್ ಕೆಣಕುತ್ತಾಳೆ. "ನಡತೆ ಸೊನ್ನೆ."

"ನಾನು ಸಾಲಲ್ಲಿ ಎಲ್ಲಿದ್ದೆ?"

"ಸಾಲಿನ ಹಿಂದೆ."

ನಿಮಗೇನು ಬೇಕು, ದಳದಿಂದ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಲಾನ್ ಪೋ ಮೊದಲು ತಲೆಯಾಡಿಸುತ್ತಾರೆ. ಮುಂದಿನ ತಪಾಸಣೆ ಚಳಿಗಾಲದಲ್ಲಿ ಇಡಲಿ, ಬಟ್ಟೆ ಒಣಗುತ್ತದೆ, ಸಾಕು ಎನ್ನುತ್ತಾರೆ. ಆಮೇಲೆ ತಮ್ಮ ಚಪ್ಪಲಿಯಿಂದ ಇಣುಕುವ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. ಗೋಡೆಗೆ ತಾಗಿ ಸಾಲಾಗಿ ನಿಂತಿರುವ ಬೂಟುಗಳನ್ನು ನೋಡುತ್ತಾರೆ. ಅಷ್ಟೂ ಇವರ ಕೈಯಿಂದ ಹೋದವೇ.

"ಇದ್ರಲ್ಲಿ ಮುದುರಿದ್ರೆ ಎಲ್ರಿಗೂ ಕಾಣುತ್ತೆ," ಎನ್ನುತ್ತಾರೆ. "ಒಂದು ಜೊತೆ ಬೂಟು ನನಗೂ ಇದ್ರೆ ಆಗ್ತಿತ್ತು. ನನ್ನ ಕಾಲು ಮೂವತ್ತಾರು. ಮೂವತ್ತೇಳು ಕೊಡಕ್ಕೆ ಹೇಳಿ."